ಎದುರಿಗೆ ಕುರಿ ಬರದ ರಸ್ತೆ

"ಇವುಗಳಿಗೆ ಮೂಗು ಚುಚ್ಚಿಕೊಡಬೇಕಿತ್ತು," ಅಂದಳು.

ಲೇತ್ ಮಿಷನ್ ಆಫ್ ಮಾಡಿ ತಿರುಗಿ ನೋಡಿದೆ. ಅಂಗಡಿಯ ಬಾಗಿಲಲ್ಲಿ ಹೆಲ್ಮೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಒಬ್ಬ ಹುಡುಗಿ ನಿಂತಿದ್ದಳು. ಚಾಚಿದ ಅಂಗೈಯಲ್ಲಿ ಕರ್ಚೀಫು, ಕರ್ಚೀಫಿನ ಮೇಲೆ ನಾಲ್ಕಾರು ಬೋಲ್ಟು. ಅವಳ ಮೂಗಿನಲ್ಲಿ ಸಣ್ಣದೊಂದು ಬಿಳಿ ಹರಳು. ಜರ್ಕಿನ್ನಿನ ಕಾಲರಿಗೆ ಕುರಿಯ ಉಣ್ಣೆಯ ಒಂದೆಳೆ ಅಂಟಿಕೊಂಡಿತ್ತು. ನಾನು ಆ ಎಳೆಯನ್ನೇ ನೋಡುತ್ತಾ ಪೆದ್ದನ ಹಾಗೆ, "ಮೂಗು ಚುಚ್ಚೋರು ಸಂತೆಹೊಂಡದ ಹತ್ರ ಅವ್ರೆ ಕಣ್ರಿ," ಅಂದೆ.

ಅವಳು ನಕ್ಕಳು. ನಗುವಾಗ ಆ ಹರಳು ಒಂದು ಸಲ ಮಿನುಗಿ ಸುಮ್ಮನಾಯಿತು.

"ನನಗಲ್ಲ ರೀ, ಬೋಲ್ಟಿಗೆ. ತಲೇಲಿ ಈ ಕಡೆಯಿಂದ ಆ ಕಡೆಗೆ ತೂತು ಬೇಕು. ಸಣ್ಣ ತಂತಿ ಹೋಗೋವಷ್ಟು."

"ತೂತು ಕೊರೆದು ಬೋಲ್ಟೇ ತುಂಡಾದ್ರೆ?"

"ಆಗಲ್ಲ."

"ಡ್ರಿಲ್ ಬಿಟ್ ಒಳಗೇ ಮುರ್ಕಂಡ್ರೆ?"

"ಇನ್ನೊಂದು ಬಿಟ್ ಹಾಕ್ರಿ."

ನಾನು ಹೆದರುವ ಮನುಷ್ಯ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದೆಲ್ಲ ಸುಲಭ. ಅಂಗಡಿಗೆ ಬೀಗ ಹಾಕಿ ಬಸ್ ಸ್ಟ್ಯಾಂಡಿನ ತನಕ ಹೋದವನು ವಾಪಸ್ ಬಂದು ಬೀಗ ಎಳೆದು ನೋಡುತ್ತೇನೆ. ಗ್ಯಾಸ್ ಆಫ್ ಮಾಡಿದೆಯಾ ಅಂತ ಅವ್ವನನ್ನು ಕೇಳಿ, ಅವಳು ಹೂಂ ಅಂದ ಮೇಲೆ ನಾನೇ ಎದ್ದು ಹೋಗಿ ನೋಡುತ್ತೇನೆ. ನನ್ನ ಸ್ಕೂಟರಿನ ಮುಳ್ಳು ನಲವತ್ತು ದಾಟಿದ್ದನ್ನು ಚಿತ್ರದುರ್ಗದಲ್ಲಿ ಕಂಡವರಿಲ್ಲ. ಲೇತ್ ಕೆಲಸಕ್ಕೆ ಈ ಸ್ವಭಾವ ಒಳ್ಳೆಯದು ಅಂತ ಅಪ್ಪ ಹೇಳುತ್ತಿದ್ದರು. ಪ್ರೀತಿಗೆ ಒಳ್ಳೆಯದಾ ಅಂತ ಅವರು ಹೇಳಿರಲಿಲ್ಲ.

ಅವಳ ಹೆಸರು ಸುಚಿತ್ರಾ. ಊರು ಹೊಳಲ್ಕೆರೆ, ಕೆಲಸ ಹೊಸದುರ್ಗದ ಹತ್ತಿರ ಮಾಡದಕೆರೆ ಅನ್ನುವ ಊರಿನ ಪಶು ಆಸ್ಪತ್ರೆಯಲ್ಲಿ. ಕುರಿ ಡಾಕ್ಟರು. ಹೊರಗೆ ನಿಂತಿದ್ದ ಬೈಕು ಅವಳಷ್ಟೇ ದೂಳು ಕುಡಿದಿತ್ತು. ಇನ್ನೂರು ಸಿಸಿಯ ಸಾಧಾರಣ ಗಾಡಿ. ಹಿಂದೆ ಲಸಿಕೆಯ ಐಸ್ ಬಾಕ್ಸ್ ಕಟ್ಟುವ ಕ್ಯಾರಿಯರ್, ಪಕ್ಕದಲ್ಲಿ ಸೀರೆ ಗಾರ್ಡು, ಮುಂದೆ ಪಶು ವೈದ್ಯರು ಅನ್ನುವ ಸ್ಟಿಕರು.

"ಇದನ್ನ ಟ್ರ್ಯಾಕಿಗೆ ತಗಂಡು ಹೋಗ್ತೀನಿ," ಅಂದಳು. "ಕೊಯಮತ್ತೂರಿನ ಹತ್ರ ರೇಸ್ ಟ್ರ್ಯಾಕ್ ಐತೆ. ದಸರಾ ರಜದಲ್ಲಿ ಒಂದು ದಿನ ನಮ್ಮಂಥೋರನ್ನೂ ಬಿಡ್ತಾರೆ. ರೇಸಲ್ಲ. ನಮ್ಮ ಗಾಡಿ, ನಮ್ಮ ಪಾಡು."

"ಈ ತಂತಿ?"

"ಆಯಿಲ್ ಬೋಲ್ಟು ಲೂಸಾಗದಂಗೆ ತಂತೀಲಿ ಬಿಗೀಬೇಕು. ನನ್ನ ಗಾಡಿ ಎಣ್ಣೆ ರಸ್ತೆ ಮೇಲೆ ಚೆಲ್ಲಿದ್ರೆ ಹಿಂದೆ ಬರೋರು ಬೀಳ್ತಾರೆ. ಅದಕ್ಕೇ ಅಲ್ಲಿ ಎಣ್ಣೆ ಅಂದ್ರೆ ಎಲ್ಲರಿಗೂ ಭಯ."

ನನಗೂ ಭಯವಾಯಿತು. ಆದರೂ ಬೋಲ್ಟುಗಳನ್ನು ಒಂದೊಂದಾಗಿ ವೈಸಿಗೆ ಕಚ್ಚಿಸಿ, ಉಸಿರು ಬಿಗಿಹಿಡಿದು ಕೊರೆದೆ. ಅವಳು ಮಗ್ಗುಲಲ್ಲಿ ನಿಂತು ನನ್ನ ಕೈಯನ್ನು ನೋಡುತ್ತಿದ್ದಳು. ಕೊನೆಯ ಬೋಲ್ಟಿಗೆ ಬಂದಾಗ ಮೆಲ್ಲಗೆ, "ಉಸಿರಾಡ್ರಿ," ಅಂದಳು.

ಬಿಟ್ ಮುರಿದದ್ದು ಆಗಲೇ.

*

ಹೊಸದುರ್ಗದಲ್ಲಿ ಅವಳಿದ್ದದ್ದು ಮಹಡಿಯ ಮೇಲಿನ ಒಂದು ರೂಮು, ಗಾಡಿ ಬಿಚ್ಚಿ ಹರಡಿಕೊಳ್ಳಲು ಜಾಗವಿರಲಿಲ್ಲ. ನಮ್ಮ ಅಂಗಡಿಯ ಮುಂದೆ ಸಿಮೆಂಟ್ ಅಂಗಳವಿತ್ತು. ಹಾಗಾಗಿ ಭಾನುವಾರಗಳು ನಮ್ಮ ಅಂಗಳಕ್ಕೆ ಬಂದವು.

ಸ್ಪ್ಯಾನರ್ ಹಿಡಿಯುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸೀರೆ ಗಾರ್ಡು ಬಿಚ್ಚಿದಳು, ಕ್ಯಾರಿಯರ್ ಬಿಚ್ಚಿದಳು, ಇಂಡಿಕೇಟರುಗಳು, ನಂಬರ್ ಪ್ಲೇಟು, ಸೈಡ್ ಸ್ಟ್ಯಾಂಡು ಎಲ್ಲ ಬಿಚ್ಚಿದಳು. ಗಾಜು ಒಡೆದರೆ ಚೂರು ಹಾರದಿರಲಿ ಅಂತ ಹೆಡ್‌ಲೈಟಿಗೆ ಟೇಪ್ ಸುತ್ತಿದಳು. ಇಂಜಿನ್ ತಂಪಾಗಿಡುವ ಕೂಲಂಟ್ ಚೆಲ್ಲಿದರೆ ಜಾರುತ್ತದೆ ಅಂತ ಅದನ್ನು ತೆಗೆದು ಬರೀ ನೀರು ತುಂಬಿದಳು. ದಿನೇದಿನೇ ಕುರಿಹಟ್ಟಿ ಸುತ್ತುತ್ತಿದ್ದ ಗಾಡಿ ಒಂದೊಂದೇ ಒಡವೆ ಬಿಚ್ಚಿಟ್ಟು ಹಗುರಾಗುತ್ತಿತ್ತು. ನಾನು ಮಾತ್ರ ಭಾರವಾಗುತ್ತಿದ್ದೆ.

"ಬೀಳ್ತಾರಾ ಅಲ್ಲಿ?" ಅಂತ ಒಂದು ದಿನ ಕೇಳಿದೆ.

"ಬೀಳ್ತಾರೆ. ಎದ್ದು ಬರ್ತಾರೆ."

"ಎಲ್ಲರೂ?"

ಅವಳು ಮಿರರುಗಳನ್ನು ಬಿಚ್ಚಿ ನನ್ನ ಕೈಗಿಟ್ಟಳು. "ಇವನ್ನ ಇಟ್ಕಂಡಿರ್ರಿ. ಟ್ರ್ಯಾಕಲ್ಲಿ ಹಿಂದೆ ನೋಡೋ ಹಂಗಿಲ್ಲ."

ಒಂದನ್ನು ಲೇತಿನ ಮೇಲಿದ್ದ ಮೊಳೆಗೆ ನೇತು ಹಾಕಿದೆ. ಬಾಗಿಲಿಗೆ ಬೆನ್ನು ಮಾಡಿ ಕೆಲಸ ಮಾಡುವಾಗಲೂ ಅದರಲ್ಲಿ ಅವಳು ಕಾಣುತ್ತಿದ್ದಳು. ಚೈನಿಗೆ ಬ್ರಷ್ ಹಾಕುವಾಗ ಕೆಳದುಟಿ ಕಚ್ಚುವುದು, ಮುಂಗೂದಲನ್ನು ಮೊಣಕೈಯಿಂದ ಹಿಂದಕ್ಕೆ ತಳ್ಳುವುದು, ಬೋಲ್ಟು ಬಿಗಿಯಾದಾಗ ಕುರಿಯನ್ನು ಮಾತಾಡಿಸಿದಂತೆ "ಆಯ್ತು, ಆಯ್ತು" ಅನ್ನುವುದು. ಒಂದು ಸಲ ಕನ್ನಡಿಯಲ್ಲಿ ಅವಳ ಕಣ್ಣು ನೆಟ್ಟಗೆ ನನ್ನ ಕಣ್ಣಿಗೇ ಸಿಕ್ಕಿತು.

"ಆ ಮಿರರಲ್ಲಿ ಎಲ್ಲಾ ದೂರ ಕಾಣುತ್ತೆ, ಗೊತ್ತಾ?" ಅಂದಳು, ತಲೆ ತಗ್ಗಿಸಿಕೊಂಡು ಚೈನು ತಿಕ್ಕುತ್ತಲೇ. "ನಿಜಕ್ಕೂ ಅಷ್ಟು ದೂರ ಇರಲ್ಲ."

ಅವತ್ತು ನಾನು ಕೊರೆದ ಒಂದು ಪುಲ್ಲಿಯ ಅಳತೆ ತಪ್ಪಿತು. ಪ್ರೀತಿಯಾಗಿಹೋಗಿತ್ತು. ಅದನ್ನು ಬೇರೆ ಹೆಸರಿನಿಂದ ಕರೆಯುವ ಧೈರ್ಯ ಕೂಡ ನನಗಿರಲಿಲ್ಲ.

ಮಧ್ಯಾಹ್ನ ಅವ್ವ ರೊಟ್ಟಿ ತಂದಿಟ್ಟಳು. ನನ್ನ ಅವ್ವ ಕಾಟಮ್ಮ ಮಾತು ಕಡಿಮೆ, ಕಣ್ಣು ಚುರುಕು. ಅವಳು ಒಳಗೆ ಹೋದ ಮೇಲೆ ಕೇಳಿದೆ.

"ಯಾಕೆ ಡಾಕ್ಟ್ರೇ ಇದೆಲ್ಲ? ಇಲ್ಲೇ ಓಡಿಸೋಕೆ ರಸ್ತೆ ಇಲ್ವಾ?"

ಅವಳು ರೊಟ್ಟಿ ಮುರಿದಳು.

"ಕಾಲೇಜಿನಿಂದ ಗಾಡಿ ಓಡಿಸ್ತಿದೀನಿ. ಒಂದು ತಿರುವಲ್ಲೂ ಆ ಕಡೆ ಏನೈತೋ ಅನ್ನೋ ಯೋಚನೆ ಇಲ್ದಂಗೆ ತಿರುಗಿಲ್ಲ. ಕುರಿ ಹಿಂಡು ಇರಬೋದು, ಎಮ್ಮೆ ಇರಬೋದು, ಲಾರಿ ಇರಬೋದು. ಯಾವಾಗಲೂ ಅರ್ಧ ಜೀವ ಬ್ರೇಕ್ ಮೇಲೆ. ಒಂದು ದಿನ ಎದುರಿಗೆ ಕುರಿ ಬರದ ರಸ್ತೇಲಿ ಹೋಗಿ, ನನ್ನ ಕೈಲಿ ಎಷ್ಟಾಗುತ್ತೆ ಅಂತ ನೋಡಬೇಕು. ಅಷ್ಟೇ ಕಣ್ರಿ."

ಆ ಕಡೆ ಏನೈತೋ ಅನ್ನುವ ಯೋಚನೆಯಲ್ಲೇ ಹುಟ್ಟಿ ಬೆಳೆದವನು ನಾನು. ಅದಿಲ್ಲದ ರಸ್ತೆ ಹೇಗಿರುತ್ತದೆ ಅಂತ ನನಗೆ ಊಹಿಸಲೂ ಆಗಲಿಲ್ಲ.

*

ಎಲ್ಲ ಬಿಚ್ಚಿದ ಗಾಡಿಯನ್ನು ರಸ್ತೆಗಿಳಿಸುವಂತಿಲ್ಲ. ಹಬ್ಬದ ವಾರಕ್ಕೆ ಅದನ್ನು ನಮ್ಮ ಅಂಗಡಿಯೊಳಗೆ ಬಿಟ್ಟು ಅವಳು ಬಸ್ಸಿನಲ್ಲಿ ಹೊಸದುರ್ಗಕ್ಕೆ ಹೋದಳು. ನನಗೆ ಆ ಬೈಕಿನ ಜೊತೆ ಒಂಟಿಯಾಗಿ ಇರುವುದು ಕಷ್ಟವಾಯಿತು. ನೋಡಿದಷ್ಟೂ ಏನೋ ಒಂದು ಕಾಣುತ್ತಿತ್ತು.

ಹಿಂದಿನ ಟೈರಿನಲ್ಲಿ ಬಿರುಕು ಕಂಡಿತು. ಫೋನ್ ಮಾಡಿದೆ. ಅವಳು ಬಂದು ನೋಡಿದಳು. ಅದು ಅಚ್ಚಿನ ಗೆರೆ. ಚೈನಿನಲ್ಲಿ ಕಟಕಟ ಸದ್ದು ಬಂತು. ಮತ್ತೆ ಬಂದಳು, ಸದ್ದು ನನ್ನ ಅಂಗಡಿಯ ಫ್ಯಾನಿನದು. ಮೂರನೆಯ ಸಲ ಮುಂದಿನ ಫೋರ್ಕಿನಿಂದ ಎಣ್ಣೆ ಜಿನುಗುತ್ತಿದೆ ಅಂತ ಕರೆದೆ. ಒಂದು ಹಸುವಿಗೆ ಕರು ಹಾಕಿಸಿ, ಬಟ್ಟೆಯನ್ನೂ ಬದಲಾಯಿಸದೆ ಬಸ್ ಹತ್ತಿ ಬಂದಿದ್ದಳು. ಬೆರಳಿನಿಂದ ಒರೆಸಿ ನೋಡಿದಳು. ನೀರು.

ಅವಳು ಬೈಯಲಿಲ್ಲ. ಅಂಗಳದ ಕಟ್ಟೆಯ ಮೇಲೆ ಕುಳಿತು, ಬಹಳ ಸುಸ್ತಾದವಳ ಹಾಗೆ ಹೇಳಿದಳು.

"ಮಾರುತೇಶ್, ಇನ್ನು ಗಾಡಿಗೆ ಅದಾಗೈತೆ, ಇದಾಗೈತೆ ಅಂತ ನನಗೆ ಹೇಳಬೇಡ್ರಿ. ಭಯ ನಿಮ್ದು. ಅದನ್ನ ನನ್ನ ತಲೇಲಿ ಹಾಕಿ ಕಳಿಸಬೇಡ್ರಿ. ಟ್ರ್ಯಾಕಲ್ಲಿ ಭಯ ಇಟ್ಕಂಡು ಓಡಿಸಿದ್ರೆ ಬಿದ್ದೇ ಬೀಳ್ತೀನಿ."

"ನನ್ನ ಕೈಲಿ ಸುಮ್ಮನೆ ಇರಕ್ಕಾಗಲ್ಲ ಡಾಕ್ಟ್ರೇ."

"ಗೊತ್ತು. ಅದಕ್ಕೇ ಹೋಗಿ ಬರೋವರೆಗೂ ನಿಮ್ಮನ್ನ ಫೋನಲ್ಲಿ ಬ್ಲಾಕ್ ಮಾಡ್ತೀನಿ. ಬೇಜಾರು ಮಾಡ್ಕಬೇಡ್ರಿ."

ನನ್ನ ಎದುರಿಗೇ ಮಾಡಿದಳು. ಆಮೇಲೆ ಹೋಗುವಾಗ ಒಮ್ಮೆ ತಿರುಗಿ ನೋಡಿದಳು. ಕನ್ನಡಿಯಲ್ಲಿ ಅವಳು ಬಸ್ ಸ್ಟಾಪಿನವರೆಗೂ ಚಿಕ್ಕದಾಗುತ್ತಾ ಹೋದಳು.

*

ನಮ್ಮ ಅಂಗಡಿಯಲ್ಲಿ ಅಪ್ಪನ ಕಾಲದಿಂದ ಒಂದು ಪದ್ಧತಿ. ಆಯುಧಪೂಜೆಯ ಬೆಳಿಗ್ಗೆ ಅಂಗಡಿಯ ಒಂದೊಂದು ಕಬ್ಬಿಣಕ್ಕೂ ಅವ್ವನ ಕೈಯಿಂದ ಹರಳೆಣ್ಣೆ ಆಗಬೇಕು. ಲೇತು, ವೈಸು, ಸುತ್ತಿಗೆ, ಸ್ಪ್ಯಾನರು, ಬಾಗಿಲ ಚಿಲಕ ಕೂಡ. ಎಣ್ಣೆಯಾಗದೆ ಕುಂಕುಮ ಇಡುವಂತಿಲ್ಲ. ಅಪ್ಪ ಹೋದ ಮೇಲೂ ಅವ್ವ ಅದನ್ನು ತಪ್ಪಿಸಿರಲಿಲ್ಲ. ಅವತ್ತು ನಾನು ಹೂವು, ಬಾಳೆಕಂದು, ಬೂದುಗುಂಬಳ ತರಲು ಮಾರ್ಕೆಟ್ಟಿಗೆ ಹೋಗಿ ಬರುವಷ್ಟರಲ್ಲಿ ಅಂಗಡಿಯೆಲ್ಲ ಹೊಳೆಯುತ್ತಿತ್ತು. ಸುಚಿತ್ರಾಳ ಬೈಕಿನ ಟ್ಯಾಂಕಿನ ಮೇಲೂ ಕುಂಕುಮದ ಬೊಟ್ಟು, ಒಂದು ಚೆಂಡುಹೂವು. ಅವ್ವ ಅದನ್ನೂ ಬಿಟ್ಟಿಲ್ಲವಲ್ಲ ಅಂತ ಒಳಗೊಳಗೇ ಖುಷಿಯಾಯಿತು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಬೈಕ್ ಸಾಗಿಸುವ ಪಿಕಪ್ ಅವಳನ್ನು ಕೂರಿಸಿಕೊಂಡು ಬಂತು. ಡ್ರೈವರ್ ರಾಜಕುಮಾರ್ ಹಿರಿಯೂರಿನವನು. "ಮೊದ್ಲು ನಮ್ಮನೆ ಹತ್ರ ನಿಲ್ಸಿ ಗಾಡಿಗೆ ಪೂಜೆ ಮಾಡಿಸ್ಕಂಡು, ತಿಂಡಿ ತಿಂದು, ಆಮೇಲೆ ಕೊಯಮತ್ತೂರಿಗೆ ಹೋಗಾಣ ಮೇಡಂ," ಅನ್ನುತ್ತಾ ಹಲಗೆ ಇಳಿಸಿದ. ಸುಚಿತ್ರಾ ನನಗೆ ತಲೆಯಾಡಿಸಿದಳು. ನಾನೂ ಆಡಿಸಿದೆ. ಮಾತಿಲ್ಲ ಅಂತ ಒಪ್ಪಂದವಾಗಿತ್ತಲ್ಲ.

ಮೂವರೂ ಸೇರಿ ಬೈಕನ್ನು ಹಲಗೆಯ ಮೇಲೆ ತಳ್ಳಿದೆವು. ನಡುವೆ ಉಸಿರು ತೆಗೆದುಕೊಳ್ಳಲು ಅವಳು ಮುಂದಿನ ಬ್ರೇಕ್ ಹಿಡಿದು ನಿಂತಳು. ಗಾಡಿ ನಿಲ್ಲಲಿಲ್ಲ. ಮೆಲ್ಲಗೆ ಹಿಂದಕ್ಕೆ ಬಂತು. ರಾಜಕುಮಾರ್ ಹೆಗಲು ಕೊಟ್ಟು ತಡೆದ.

"ಹಲಗೆ ಮೇಲೆ ಇಬ್ಬನಿ ಬಿದ್ದೈತೆ ಮೇಡಂ, ಜಾರುತ್ತೆ," ಅಂದ.

ಟೈರು ಜಾರಿರಲಿಲ್ಲ. ಚಕ್ರ ತಿರುಗಿತ್ತು. ನಾನು ನನ್ನ ಕಣ್ಣಾರೆ ನೋಡಿದೆ. ಬಾಯಿ ತೆರೆದೆ, ಅವಳು ನನ್ನ ಕಡೆ ನೋಡಿದಳು, ಆ ನೋಟದಲ್ಲಿ ಬೇಡಿಕೆಯಿತ್ತು. ಬಾಯಿ ಮುಚ್ಚಿಕೊಂಡೆ. ನನ್ನ ಭಯಕ್ಕೆ ಫ್ಯಾನಿನ ಸದ್ದು ಚೈನಿನದಾಗಿತ್ತು, ನೀರು ಎಣ್ಣೆಯಾಗಿತ್ತು. ಇದೂ ಹಾಗೇ ಇರಲಿ ಅಂತ ದೇವರಲ್ಲಿ ಬೇಡಿಕೊಂಡೆ. ಪಿಕಪ್ ಹೊರಟುಹೋಯಿತು.

ಅವ್ವ ಟೀ ತಂದುಕೊಟ್ಟು ಬಾಗಿಲಲ್ಲಿ ನಿಂತಳು.

"ಆ ಹುಡುಗಿಗೆ ಗಾಡಿ ನೋಡಿ ಖುಷಿಯಾಯ್ತೇನೋ?"

"ಯಾಕವ್ವ?"

"ಮುಂದಿನ ಚಕ್ರದಾಗೆ ತಟ್ಟೆ ಐತಲ್ಲ, ತೂತು ತೂತಿರೋದು. ಪಾಪ, ಅದಕ್ಕೆ ತುಕ್ಕು ಬಂದಿತ್ತು. ತಿಕ್ಕಿ ತಿಕ್ಕಿ ಎಣ್ಣೆ ಕುಡಿಸೀನಿ. ಚಕ್ರದ ರಬ್ಬರಿಗೂ ಎಣ್ಣೆ ಬಟ್ಟೆ ಎಳೆದೀನಿ, ಕರ್ರಗೆ ಆಗ್ಲಿ ಅಂತ. ನಮ್ಮನೆ ಕಬ್ಬಿಣ ಅಂದ್ಕಂಡೇ ಹಚ್ಚೀನಿ ಕಣೋ."

ಟೀ ಲೋಟ ಎಲ್ಲಿಟ್ಟೆನೋ ನೆನಪಿಲ್ಲ. ಬ್ರೇಕ್ ಕಚ್ಚಿ ಹಿಡಿಯುವ ಡಿಸ್ಕಿಗೇ ಹರಳೆಣ್ಣೆ. ಒಂದು ತಿಂಗಳು ಅವಳ ಗಾಡಿಯಿಂದ ಒಂದು ಹನಿ ಎಣ್ಣೆ ಹೊರಗೆ ಬರದಿರಲಿ ಅಂತ ಬೋಲ್ಟಿಗೆ ತೂತು ಕೊರೆದು ತಂತಿ ಬಿಗಿದಿದ್ದೆ. ನಮ್ಮ ಮನೆಯ ಬಟ್ಟಲಿನಿಂದಲೇ ಎಣ್ಣೆ ಹೋಗಿ ಕೂರಬಾರದ ಜಾಗದಲ್ಲಿ ಕೂತಿತ್ತು. ಅವ್ವನ ಮುಖದಲ್ಲಿ ಹಬ್ಬವಿತ್ತು. ಅವಳಿಗೆ ಏನೂ ಹೇಳದೆ ಸ್ಕೂಟರ್ ಸ್ಟಾರ್ಟ್ ಮಾಡಿದೆ.

ಫೋನ್ ಹೋಗಲಿಲ್ಲ. ಮೆಸೇಜಿಗೆ ಒಂದೇ ಟಿಕ್ಕು. ರಾಜಕುಮಾರನ ನಂಬರು ನನ್ನ ಹತ್ತಿರ ಇರಲಿಲ್ಲ.

*

ಹೈವೇಯಲ್ಲಿ ನನ್ನ ಸ್ಕೂಟರಿನ ಮುಳ್ಳು ಎಪ್ಪತ್ತು ದಾಟಿತು. ಬೋಲ್ಟು ಬೋಲ್ಟೂ ಬಿಚ್ಚಿಹೋಗುವ ಹಾಗೆ ಸ್ಕೂಟರು ಗಡಗಡ ಅನ್ನುತ್ತಿತ್ತು. ಲಾರಿಗಳೆಲ್ಲ ಬಾಳೆಕಂದು ಕಟ್ಟಿಕೊಂಡು ಹೋಗುತ್ತಿದ್ದವು. ಹೂವು ಹೊತ್ತ ಪ್ರತಿಯೊಂದು ಬಿಳಿ ಪಿಕಪ್ಪೂ ಅವಳದ್ದೇ ಅನಿಸಿ, ಪಕ್ಕಕ್ಕೆ ಹೋಗಿ ಇಣುಕಿದರೆ ಒಳಗೆ ಈರುಳ್ಳಿ ಚೀಲ, ಇನ್ನೊಂದರಲ್ಲಿ ಕುರಿ.

ಅವಳು ಹೇಳಿದ್ದು ನೆನಪಾಗುತ್ತಿತ್ತು. ನೇರ ರಸ್ತೆಯಲ್ಲಿ ಎಷ್ಟಾಗುತ್ತೋ ಅಷ್ಟು ಜೋರಾಗಿ ಹೋಗಿ, ತಿರುವು ಬಂದಾಗ ಮುಂದಿನ ಬ್ರೇಕ್ ಒಂದನ್ನೇ ನಂಬಿ ಹಿಡಿಯಬೇಕು. ಆ ಕ್ಷಣ ಅವಳ ಕೈ ಹಿಡಿಯುವುದು ನನಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು, ಗಾಡಿ ನಿಲ್ಲದೇ ಹೋಗುವುದೂ. ಅವಳು ನನ್ನನ್ನು ನಂಬಲಾರಳು ಅನ್ನುವುದು ಅದಕ್ಕಿಂತ ದೊಡ್ಡ ಭಯ. ನಾಲ್ಕನೆಯ ಸಲ ಬಂದಿದ್ದಾನೆ ಅಂದುಕೊಳ್ಳುತ್ತಾಳೆ. ಯಾರಿಗಾದರೂ ಹಾಗೇ ಅನಿಸುತ್ತದೆ.

ಹಿರಿಯೂರಿನಲ್ಲಿ ಟೀ ಅಂಗಡಿಯೊಂದರಲ್ಲಿ ಪಿಕಪ್ ರಾಜಕುಮಾರನ ಮನೆ ಕೇಳಿದೆ. ಊರಾಚೆಯ ಹೊಸ ಲೇಔಟಿನ ದಾರಿ ತೋರಿಸಿದರು. ಮನೆಯ ಮುಂದೆ ಪಿಕಪ್ಪಿಗೆ ಕುಂಬಳಕಾಯಿ ಒಡೆದು ಆಗಿತ್ತು. ಹಿಂದೆ ಅವಳ ಬೈಕು ಹಗ್ಗ ಬಿಗಿಸಿಕೊಂಡು ನಿಂತಿತ್ತು. ಅವಳು ಜಗಲಿಯಲ್ಲಿ ಕುಳಿತು ಉಪ್ಪಿಟ್ಟು ತಿನ್ನುತ್ತಿದ್ದಳು. ನನ್ನನ್ನು ಕಂಡು ತಟ್ಟೆ ಕೆಳಗಿಟ್ಟಳು.

"ಬ್ಲಾಕ್ ಮಾಡಿದ್ರೆ ಸ್ಕೂಟರಲ್ಲಿ ಬರ್ತೀರಾ?"

"ಡಾಕ್ಟ್ರೇ, ಬ್ರೇಕು."

"ಬೇಡ." ಎದ್ದು ನಿಂತಳು. ಧ್ವನಿ ಗಡುಸಾಗಿತ್ತು. "ಒಂದು ಮಾತೂ ಬೇಡ. ನಾನು ಕೇಳ್ಕಂಡಿದ್ದು ಒಂದೇ."

"ಮಾತಾಡಲ್ಲ. ನಿಮ್ಮ ಕರ್ಚೀಫು ಕೊಡ್ರಿ ಸಾಕು."

ಯಾಕೋ ಕೊಟ್ಟಳು. ನಾನು ಪಿಕಪ್ ಹತ್ತಲಿಲ್ಲ, ಕರ್ಚೀಫನ್ನು ಅವಳ ಕೈಗೇ ವಾಪಸ್ ಇಟ್ಟೆ. "ನೀವೇ ಡಿಸ್ಕ್ ಒರೆಸ್ರಿ. ಬೆಳಿಗ್ಗೆ ಹಲಗೆ ಮೇಲೆ ಗಾಡಿ ಜಾರಲಿಲ್ಲ, ಚಕ್ರ ತಿರುಗ್ತು."

ಅವಳು ಸಿಟ್ಟಿನಲ್ಲೇ ಪಿಕಪ್ ಹತ್ತಿದಳು. ಬಗ್ಗಿ ಒಂದು ಸಲ ಒರೆಸಿದಳು. ಕರ್ಚೀಫನ್ನು ನೋಡಿದಳು, ಮೂಗಿನ ಹತ್ತಿರ ಹಿಡಿದಳು. ಹರಳೆಣ್ಣೆಯ ವಾಸನೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ. ಅವಳು ಮೆಲ್ಲಗೆ ಗಾಡಿಯ ಪಕ್ಕದಲ್ಲೇ ಕುಳಿತುಬಿಟ್ಟಳು.

"ಅವ್ವ," ಅಂದೆ. "ಆಯುಧಪೂಜೆ. ನಿಮ್ಮ ಗಾಡಿ ಅಂತ ಇನ್ನೂ ಜಾಸ್ತಿ ಹಚ್ಚವ್ಳೆ."

ಅವಳ ಮುಖದಲ್ಲಿ ಬಣ್ಣವಿರಲಿಲ್ಲ. ರಾಜಕುಮಾರನ ತಾಯಿ ದ್ಯಾಮಮ್ಮ ನೀರು ತಂದು, "ಕುಡೀರಿ ತಾಯಿ," ಅಂದಾಗ ಲೋಟ ತೆಗೆದುಕೊಂಡು ಕುಡಿಯದೆ ಪಕ್ಕಕ್ಕಿಟ್ಟಳು.

"ಈಗ ಹೇಳ್ರಿ, ಮಾರುತೇಶ್," ಅಂದಳು. "ಹೋಗಬೇಡ ಅಂತ ಈಗ ಹೇಳ್ರಿ. ಕೇಳ್ತೀನಿ."

ಒಂದು ತಿಂಗಳಿಂದ ನಾನು ಕಾಯುತ್ತಿದ್ದ ಮಾತು ಅದು. ಹೋಗಬೇಡ್ರಿ ಅಂದಿದ್ದರೆ ಅವಳು ಇಳಿಯುತ್ತಿದ್ದಳು, ಗಾಡಿ ವಾಪಸ್ ಬರುತ್ತಿತ್ತು, ನಾನು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆ. ಬಾಯಿ ತುದಿಗೆ ಬಂದಿತ್ತು. ಅವಳ ಕಣ್ಣು ನೋಡಿದೆ. ಅಲ್ಲಿ ನನ್ನದೇ ಭಯ ಹೋಗಿ ಕೂತಿತ್ತು. ಅದು ಅಲ್ಲಿ ಸ್ವಲ್ಪವೂ ಒಪ್ಪುತ್ತಿರಲಿಲ್ಲ.

"ಹೊಸ ಬ್ರೇಕ್ ಪ್ಯಾಡ್ ಒಂದು ಜೊತೆ ಬ್ಯಾಗಲ್ಲಿ ಇಟ್ಕಂಡಿದೀರಲ್ಲ," ಅಂದೆ. "ತೆಗೀರಿ."

"ನೀವೇ ಹಟ ಹಿಡಿದು ಇಡಿಸಿದ್ದು. ನಾನು ನಗಾಡಿದ್ದೆ."

"ಹೂಂ. ಈಗ ತೆಗೀರಿ."

*

ದ್ಯಾಮಮ್ಮನ ಬಚ್ಚಲಿನ ಹತ್ತಿರ ಗಾಡಿ ನಿಲ್ಲಿಸಿದೆವು. ಎಣ್ಣೆ ಕುಡಿದ ಪ್ಯಾಡುಗಳನ್ನು ನಾನು ತೆಗೆದೆ. ಅವಳು ಸೋಪಿನ ಪುಡಿ, ಬ್ರಷ್ ಹಿಡಿದು ಟೈರು ತಿಕ್ಕಿದಳು, ತಿಕ್ಕಿ ತೊಳೆದು ಮತ್ತೆ ತಿಕ್ಕಿದಳು. ಡಿಸ್ಕನ್ನು ತೊಳೆದ ಮೇಲೂ ಜಿಡ್ಡು ಪೂರ್ತಿ ಬಿಡಲಿಲ್ಲ. ಆಗ ಅವಳು ತನ್ನ ಔಷಧಿ ಬ್ಯಾಗಿನಿಂದ ಹತ್ತಿಯನ್ನೂ ಸ್ಪಿರಿಟ್ಟನ್ನೂ ತೆಗೆದಳು, ಕುರಿಗೆ ಸೂಜಿ ಹಾಕುವ ಮುಂಚೆ ಒರೆಸುವ ಸ್ಪಿರಿಟ್. ಒಂದು ಕಡೆಯಿಂದ ಅವಳು, ಇನ್ನೊಂದು ಕಡೆಯಿಂದ ನಾನು ಒರೆಸಿದೆವು. ಡಿಸ್ಕಿನ ತೂತುಗಳಲ್ಲಿ ನಮ್ಮ ಬೆರಳುಗಳು ಆಗಾಗ ತಾಗುತ್ತಿದ್ದವು. ಇಬ್ಬರೂ ಹಿಂದೆಗೆಯಲಿಲ್ಲ.

"ಅವ್ವಂಗೆ ಹೇಳಬೇಡ್ರಿ," ಅಂದಳು ತಲೆ ಎತ್ತದೆ. "ನೊಂದ್ಕತಾರೆ."

ಕಾಟಮ್ಮ ಅನ್ನಲಿಲ್ಲ, ನಿಮ್ಮವ್ವ ಅನ್ನಲಿಲ್ಲ. ನಾನು ಹತ್ತಿಯನ್ನು ತಿರುವಿಕೊಂಡು ಒರೆಸಿದ ಜಾಗವನ್ನೇ ಮತ್ತೆ ಒರೆಸಿದೆ.

ಹೊಸ ಪ್ಯಾಡು ಹಿಡಿತಕ್ಕೆ ಬರಲು ಗಾಡಿಯನ್ನು ಓಡಿಸಿ ಓಡಿಸಿ ನಿಲ್ಲಿಸಬೇಕು. ಮನೆಯ ಹಿಂದೆ ಲೇಔಟಿನ ಟಾರು ರಸ್ತೆ ಖಾಲಿ ಬಿದ್ದಿತ್ತು. ಅಕ್ಕಪಕ್ಕ ಸೈಟಿನ ಕಲ್ಲುಗಳು, ಒಂದೂ ಮನೆಯಿಲ್ಲ. ಅವಳು ಹೆಲ್ಮೆಟ್ ಹಾಕಿಕೊಂಡು ಹೊರಟಳು. ಹೋದಳು, ಬಂದಳು, ಹಿಡಿದಳು, ನಿಂತಳು. ಮತ್ತೆ ಹೋದಳು. ಬ್ರೇಕು ಚೆನ್ನಾಗಿತ್ತು. ಅವಳು ಚೆನ್ನಾಗಿರಲಿಲ್ಲ. ಬ್ರೇಕ್ ಹಿಡಿಯಲಿ ಅಂತ ನಾನು ರಸ್ತೆಯ ಮೇಲೆ ಗೆರೆ ಎಳೆದಿದ್ದ ಜಾಗಕ್ಕಿಂತ ಎಷ್ಟೋ ಮುಂಚೆ ಹಿಡಿದು, ಹೆದರಿ ಹೆದರಿ ನಿಲ್ಲಿಸುತ್ತಿದ್ದಳು.

ನನ್ನ ಹತ್ತಿರ ಬಂದು ಹೆಲ್ಮೆಟ್ಟಿನ ಗಾಜು ಎತ್ತಿದಳು.

"ಬಂದ್ಬಿಟ್ಟೈತೆ ಮಾರುತೇಶ್. ಭಯ. ಲಿವರ್ ಮುಟ್ಟಿದ್ರೆ ಎಣ್ಣೆ ನೆನಪಾಗುತ್ತೆ. ಹಿಂಗೆ ಟ್ರ್ಯಾಕಿಗೆ ಹೋಗಂಗಿಲ್ಲ."

ನಾನು ನಡೆದು ಹೋಗಿ, ಗೆರೆಯ ಆಚೆ ರಸ್ತೆಯ ನಟ್ಟನಡುವೆ ನಿಂತೆ.

"ಏನ್ ಮಾಡ್ತಿದೀರಾ?"

"ನಿಂತಿದೀನಿ. ಬರ್ರಿ."

"ತಲೆ ಕೆಟ್ಟೈತಾ ನಿಮಗೆ? ಪಕ್ಕಕ್ಕೆ ಸರೀರಿ."

"ಬೀಗ ಹಾಕಿ ವಾಪಸ್ ಬಂದು ನೋಡೋನು ನಾನು," ಅಂದೆ. ಎರಡೂ ಕಾಲು ಜೋಡಿಸಿ ಒತ್ತಿ ನಿಂತಿದ್ದೆ. "ನಿಮ್ಮ ಟೈರಿನ ಅಚ್ಚಿನ ಗೆರೆಗೂ ಹೆದರಿದೋನು. ಆ ಪ್ಯಾಡ್ ನೋಡಿದೀನಿ, ಆ ಡಿಸ್ಕ್ ನೋಡಿದೀನಿ. ನಾನೇ ಇಲ್ಲಿ ನಿಂತಿದೀನಿ ಅಂದ್ರೆ ಬ್ರೇಕ್ ಹೆಂಗೈತೆ ನೀವೇ ಯೋಚನೆ ಮಾಡ್ರಿ."

ಅವಳು ನನ್ನನ್ನೇ ನೋಡಿದಳು. ಆಮೇಲೆ ಗಾಜು ಇಳಿಸಿ, ಗಾಡಿ ತಿರುಗಿಸಿ ರಸ್ತೆಯ ಆ ತುದಿಗೆ ಹೋದಳು. ಸ್ವಲ್ಪ ಹೊತ್ತು ಅಲ್ಲೇ ನಿಂತಳು. ಆಮೇಲೆ ಇಂಜಿನ್ನಿನ ಸದ್ದು ಕೇಳಿತು.

ಅವಳು ಬಂದಳು. ಈ ಸಲ ಮುಂಚಿತವಾಗಿ ಹಿಡಿಯಲಿಲ್ಲ. ಟೇಪ್ ಸುತ್ತಿದ ಆ ಕುರುಡು ಹೆಡ್‌ಲೈಟು ದೊಡ್ಡದಾಗುತ್ತಾ ಬಂತು. ಓಡಿಹೋಗು ಅಂತ ನನ್ನ ಮೈಯ ಒಂದೊಂದು ಮೂಳೆಯೂ ಹೇಳಿತು. ಕಣ್ಣು ಮುಚ್ಚಿಕೊಳ್ಳಬೇಕೆನಿಸಿತು, ಮುಚ್ಚಲಿಲ್ಲ. ಗೆರೆಯ ಹತ್ತಿರ ಗಾಡಿಯ ಮೂತಿ ಗಪ್ಪನೆ ತಗ್ಗಿತು, ಟೈರು ಕಿರ್ ಅಂದಿತು, ನಿಂತಿತು. ನನಗೂ ಗಾಡಿಗೂ ನಡುವೆ ಒಂದು ಮೇಜು ಇಡುವಷ್ಟು ಜಾಗವಿತ್ತು.

ಅವಳು ಇಂಜಿನ್ ಆಫ್ ಮಾಡಿ ಹೆಲ್ಮೆಟ್ ತೆಗೆದಳು. ಕಣ್ಣು ತುಂಬಿದ್ದವು.

"ಹಿಡೀತಾ?" ಅಂತ ಕೇಳಿದೆ.

"ಹಿಡೀತು. ಅದಲ್ಲ." ಮಾತಾಡಲು ಅವಳಿಗೆ ಉಸಿರು ಸಾಲುತ್ತಿರಲಿಲ್ಲ. "ಎಣ್ಣೆ ನೆನಪಾಗಲಿಲ್ಲ ಈ ಸಲ. ನೀವೇ ಕಾಣ್ತಿದ್ರಿ. ನಿಮಗೇನಾದ್ರೂ ಆದ್ರೆ ಅಂತ... ಅದೊಂದೇ ತಲೇಲಿ ಓಡ್ತಿತ್ತು." ನನ್ನ ಮುಖ ನೋಡಿದಳು. "ಇದೇನಾ? ನಿಮಗೆ ದಿನಾ ಆಗೋದು ಇದೇನಾ?"

"ದಿನಾ ಅಲ್ಲ," ಅಂದೆ. "ನೀವು ಹೆಲ್ಮೆಟ್ ಹಾಕ್ಕಂಡಾಗೆಲ್ಲ."

"ಯಾವಾಗಿಂದ?"

"ಬಿಟ್ ಮುರೀತಲ್ಲ, ಆವಾಗಿಂದ."

ಅವಳು ಒಮ್ಮೆಲೇ ನಕ್ಕಳು, ಕಣ್ಣೀರೂ ಬಂತು. ಮೂಗಿನ ಹರಳು ಅದರಲ್ಲಿ ಒದ್ದೆಯಾಯಿತು.

"ಎದುರಿಗೆ ಕುರಿ ಬರದ ರಸ್ತೆ ಹುಡುಕ್ಕಂಡು ಹೊರಟೋಳು ನಾನು. ನೀವು ಬಂದು ನಡುರಸ್ತೇಲಿ ನಿಂತ್ರಲ್ಲ."

"ಸರೀತೀನಿ ಈಗ. ಹೋಗಿ ಬರ್ರಿ."

"ಸರಿಯೋದು ಬೇಡ." ಎಣ್ಣೆ, ಸ್ಪಿರಿಟ್ಟು, ಸೋಪು ಎಲ್ಲದರ ವಾಸನೆಯಿದ್ದ ಕೈಯಿಂದ ನನ್ನ ಕೈ ಹಿಡಿದುಕೊಂಡಳು. "ಪಿಕಪ್ಪಲ್ಲಿ ಮೂರು ಜನಕ್ಕೆ ಜಾಗ ಐತೆ. ಬರ್ತೀರಾ? ನಾಳೆ ನೀವು ಟ್ರ್ಯಾಕಿನ ಗೋಡೆ ಈಚೆ ನಿಂತು ಹೆದರ್ಕಳ್ರಿ. ನಾನು ಆಚೆ ಓಡಿಸ್ತೀನಿ. ಸಾಯಂಕಾಲ ನಿಮ್ಮ ಹತ್ರಾನೇ ಬಂದು ನಿಲ್ಲಿಸ್ತೀನಿ."

ಅವಳು ಫೋನ್ ತೆಗೆದು ಏನೋ ಒತ್ತಿದಳು. ನನ್ನ ಜೇಬಿನಲ್ಲಿ ಫೋನು ಕುಂಯ್ ಅಂದಿತು. ತೆಗೆದು ನೋಡಿದರೆ, ಎದುರಿಗೆ ನಿಂತೇ ಕಳಿಸಿದ ಮೆಸೇಜು. ಬರ್ರಿ, ಅಂತಷ್ಟೇ ಇತ್ತು.

*

ಸ್ಕೂಟರನ್ನು ದ್ಯಾಮಮ್ಮನ ಮನೆಯಲ್ಲಿ ಬಿಟ್ಟೆ. ಅವ್ವನಿಗೆ ಫೋನ್ ಮಾಡಿ, ಕೊಯಮತ್ತೂರಿಗೆ ಹೋಗಿ ಬರುತ್ತೇನೆ ಅಂದೆ. ಅವ್ವ ಯಾಕೆ ಅಂತ ಕೇಳಲಿಲ್ಲ. "ಆ ಹುಡುಗಿಗೆ ಹುಷಾರು ಅಂತ ಹೇಳೋ," ಅಂದಳು. ಗ್ಯಾಸ್ ಆಫ್ ಮಾಡಿದ್ದೀಯಾ ಅಂತ ನಾನು ಕೇಳಬೇಕಿತ್ತು, ಮರೆತುಹೋಯಿತು.

ಗಾಡಿಯನ್ನು ಮತ್ತೆ ಹತ್ತಿಸಿದೆವು. ಹಲಗೆಯ ನಡುವೆ ಅವಳು ಬೇಕೆಂದೇ ನಿಂತು ಬ್ರೇಕ್ ಹಿಡಿದಳು. ಚಕ್ರ ಅಲ್ಲಾಡಲಿಲ್ಲ. ರಾಜಕುಮಾರ್ ಹಗ್ಗ ಬಿಗಿದ. ಮೂವರೂ ಮುಂದೆ ಕುಳಿತೆವು, ಅವಳು ನಡುವೆ. ಪಿಕಪ್ ಲೇಔಟು ದಾಟಿ ಹೈವೇ ಹತ್ತಿರ ಬಂತು. ಅವಳು ಏನೋ ಚಡಪಡಿಸಿದಳು, ಹಿಂದಿನ ಗಾಜಿನಲ್ಲಿ ತಿರುಗಿ ನೋಡಿದಳು.

"ಒಂದ್ನಿಮಿಷ ನಿಲ್ಸು ರಾಜಕುಮಾರ್."

ನನ್ನನ್ನು ಇಳಿಸಿ, ತಾನೂ ಇಳಿದು ಹಿಂದಕ್ಕೆ ಹೋದಳು. ಒಂದೊಂದೇ ಹಗ್ಗ ಎಳೆದು ನೋಡಿದಳು. ಬಗ್ಗಿ ಆಯಿಲ್ ಬೋಲ್ಟಿನ ತಂತಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಹೊರಟವಳು ತಿರುಗಿ ಬಂದು ಮೊದಲ ಹಗ್ಗವನ್ನು ಇನ್ನೊಂದು ಸಲ ಎಳೆದಳು. ನಾನು ರಸ್ತೆ ಬದಿಯಲ್ಲಿ ನಿಂತು ನೋಡುತ್ತಿದ್ದೆ.

"ಬಿಗಿ ಐತೆ," ಅಂದಳು, ನಾನು ಕೇಳದಿದ್ದರೂ.

ಹೊರಡುವ ಮುಂಚೆ ಆ ಹಗ್ಗಗಳನ್ನು ನಾನೂ ಎರಡು ಸಲ ಎಳೆದು ನೋಡಿದ್ದೆ. ಅದನ್ನು ಅವಳಿಗೆ ಹೇಳಲಿಲ್ಲ.